ಆಸ್ಪತ್ರೆಯ ಇಂಜಿನ್ನೂ ಟಾಕೀಸಿನ ಸ್ವಿಚ್ಚೂ

ಕರೆಂಟು ಇರುವಷ್ಟು ಹೊತ್ತು ಜನರೆಲ್ಲ ಒಂದೇ ಥರ ಕಾಣುತ್ತಾರೆ. ಅದು ಹೋದಾಗಲೇ ಒಬ್ಬೊಬ್ಬರು ಒಂದೊಂದು ಥರ ಆಗುವುದು. ನನ್ನ ಕೆಲಸ ಶುರುವಾಗುತ್ತಿದ್ದದ್ದೇ ಕರೆಂಟು ಹೋದಾಗ. ಹಾಗಾಗಿ ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಅವೇ ಬಂದು ಕಾಲಿಗೆ ತೊಡರಿಕೊಳ್ಳುತ್ತಿದ್ದವು.

ಅದು ಐವತ್ತರ ದಶಕ. ಚಾಮರಾಜನಗರದ ಒಂದು ಆಸ್ಪತ್ರೆಗೆ ಡೀಸೆಲ್ ಇಂಜಿನ್ನನ್ನೂ ಅದರ ಜೊತೆಗೆ ಆಳೆತ್ತರದ ಒಂದು ಕಬ್ಬಿಣದ ಪೆಟ್ಟಿಗೆಯನ್ನೂ ತಂದು ಕೂರಿಸಿದ್ದರು. ಲೈನಿನ ಕರೆಂಟು ಹೋದರೆ ಆ ಪೆಟ್ಟಿಗೆಯೇ ಬ್ಯಾಟರಿಯಿಂದ ಇಂಜಿನ್ನನ್ನು ಎಬ್ಬಿಸಿ, ಒಳಗಿನ ಸ್ವಿಚ್ಚನ್ನು ಟಪ್ ಅಂತ ಇಂಜಿನ್ ಕಡೆಗೆ ಹಾಕಿಕೊಳ್ಳುತ್ತಿತ್ತು. ಲೈನು ಬಂದರೆ ಮತ್ತೆ ಟಪ್ ಅಂತ ಈ ಕಡೆಗೆ. ಯಾರೂ ಕೈ ಹಚ್ಚಬೇಕಾಗಿಲ್ಲ. ಆದರೆ ಕೈ ಹಚ್ಚಬೇಕಾಗಿಲ್ಲದ ಯಂತ್ರಕ್ಕೇ ಕೈ ಹೆಚ್ಚು ಬೇಕು. ಅದರ ತಾಮ್ರದ ತುದಿಗಳನ್ನು ಉಜ್ಜುವುದು, ಬ್ಯಾಟರಿಗೆ ನೀರು ಹಾಕುವುದು, ವಾರಕ್ಕೊಮ್ಮೆ ಬೇಕೆಂದೇ ಕರೆಂಟು ತೆಗೆದು ಪರೀಕ್ಷೆ ಮಾಡುವುದು, ಎಲ್ಲ ಮೇಸ್ತ್ರಿಯಾದ ನನ್ನ ಪಾಲಿಗೆ. ಅಂಥದ್ದೇ ಇನ್ನೊಂದು ಪೆಟ್ಟಿಗೆ ಗುಂಡ್ಲುಪೇಟೆಯ ಟಾಕೀಸಿನಲ್ಲಿತ್ತು. ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಅದನ್ನೂ ನಾನೇ ನೋಡಿಕೊಂಡು ಬರುತ್ತಿದ್ದೆ.

ಸೀಮೆಯವರು

ಆಸ್ಪತ್ರೆಯ ಕಾವಲುಗಾರ ಬೇಗೂರು ಕಡೆಯವನು. ಬಹಳ ಮರ್ಯಾದಸ್ಥ. ಪೆಟ್ಟಿಗೆ ಬಂದ ಹೊಸತರಲ್ಲಿ ನಾನು ಅವನಿಗೆ, "ಇನ್ನು ಮೇಲೆ ಕರೆಂಟು ಹೋದ್ರೆ ನೀನು ನನ್ನ ಹುಡುಕಿಕೊಂಡು ಓಡಬೇಕಾಗಿಲ್ಲ, ಆಟೋಮ್ಯಾಟಿಕ್ ಬಂದಿದೆ, ವಿಲಾಯತಿ ಸೀಮೆಯದು" ಅಂತ ಹೇಳಿದ್ದೆ.

ಒಂದು ಮಧ್ಯಾಹ್ನ ನಾನು ಗುಂಡ್ಲುಪೇಟೆಯಲ್ಲಿದ್ದಾಗ ಇಲ್ಲಿ ಕರೆಂಟು ಹೋಗಿ ಇಂಜಿನ್ ಶುರುವಾಗಿದೆ. ಆಗತಾನೇ ವರ್ಗವಾಗಿ ಬಂದಿದ್ದ ಡಾಕ್ಟರು ಸದ್ದು ಕೇಳಿ ಹೊರಗೆ ಬಂದರು.

"ಮೇಸ್ತ್ರಿ ಊರಲ್ಲಿಲ್ಲವಲ್ಲಯ್ಯ, ಇಂಜಿನ್ ಯಾರು ಹಾಕಿದ್ದು?"

"ಆಟೋಮ್ಯಾಟಿಕ್‌ನೋರು ಆಕುದ್ರು ಬುದ್ಧಿ."

"ಅವರು ಯಾರು?"

"ಸೀಮೆಯೋರಂತೆ ಬುದ್ಧಿ. ಆ ರೂಮ್ನಾಗೇ ಅವ್ರೆ. ಈಚ್ಗೆ ಬರಾಕಿಲ್ಲ. ಉಣ್ಣಾಕೂ ಕೇಳಾಕಿಲ್ಲ."

ಯಾರೋ ವಿಲಾಯತಿ ಇಂಜಿನಿಯರು ಇನ್ನೂ ಇಲ್ಲೇ ಉಳಿದುಕೊಂಡಿದ್ದಾನೆ ಅಂತ ಡಾಕ್ಟರು ತಿಳಿದರು. ಆಪರೇಷನ್ ಗಡಿಬಿಡಿಯಲ್ಲಿ ಹೋಗಿ ನೋಡುವುದಕ್ಕೂ ಆಗಲಿಲ್ಲ. "ಪಾಪ, ಏನಾದರೂ ತಿನ್ನೋದಕ್ಕೆ ಕೊಡಿಸು" ಅಂದು ಒಳಗೆ ಹೋದರು.

ಸಂಜೆ ನಾನು ಬಂದು ಬೀಗ ತೆಗೆದರೆ ಪೆಟ್ಟಿಗೆಯ ಮುಂದೆ ಸ್ಟೂಲು. ಸ್ಟೂಲಿನ ಮೇಲೆ ಬಾಳೆಲೆಯಲ್ಲಿ ಇಡ್ಲಿ, ಪಕ್ಕದಲ್ಲಿ ಕೆನೆ ಕಟ್ಟಿದ ಕಾಫಿ. ಕಾವಲುಗಾರ ಕಿಟಕಿಯಿಂದ ಕೈ ಚಾಚಿ ಇಟ್ಟಿದ್ದನಂತೆ. ನಾನು ಅವನ ಮುಖ ನೋಡಿದೆ.

ಅವನು ದನಿ ಇಳಿಸಿ ಅಂದ: "ಮುಟ್ನೇ ಇಲ್ಲ ಕಣಪ್ಪ ಮೇಸ್ತ್ರಿ. ನಮ್ ಕಾಫಿ ಅವ್ರಿಗೆ ಒಗ್ಗಾಕಿಲ್ಲವೇನೋ."

ದಾನಿಗಳ ಮುಂದೆ

ಆ ಪೆಟ್ಟಿಗೆಯನ್ನು ಆಸ್ಪತ್ರೆಗೆ ಕೊಡಿಸಿದವರು ಒಬ್ಬ ರೇಷ್ಮೆ ವ್ಯಾಪಾರಿ. ಒಂದು ದಿನ ಬೀಗರನ್ನೂ ನೆಂಟರನ್ನೂ ಕಟ್ಟಿಕೊಂಡು, ಮುಂದೆ ವಾಲಗ ಊದಿಸಿಕೊಂಡು, ತಾವು ಕೊಟ್ಟದ್ದು ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಲು ಬಂದರು. ನಾನು ಬಾಗಿಲಲ್ಲಿ ನಿಂತು ಬರಮಾಡಿಕೊಂಡೆ. ಗೋಡೆಯ ಮೇಲೊಂದು ಬಲ್ಬು ಉರಿಯುತ್ತಿತ್ತು. ಎಲ್ಲರೂ ಅದನ್ನೇ ನೋಡುವಂತೆ ನಿಲ್ಲಿಸಿದೆ.

"ಈಗ ಲೈನಿನ ಕರೆಂಟು ತೆಗೀತೀನಿ. ದೀಪ ಆರುತ್ತೆ. ಹೆದರಬೇಡಿ. ಬಾಯಲ್ಲಿ ಹತ್ತು ಎಣಿಸುವುದರೊಳಗೆ ತಾನೇ ಹತ್ತಿಕೊಳ್ಳುತ್ತೆ" ಅಂತ ವಾಲಗದ ಸದ್ದಿನ ಮೇಲೆ ಕೂಗಿ ಹೇಳಿ ಹಿಡಿ ಎಳೆದೆ.

ದೀಪ ಆರಲಿಲ್ಲ. ಮಿಣುಕಲೂ ಇಲ್ಲ.

ಇಪ್ಪತ್ತು ಜನರೂ ತಲೆ ಎತ್ತಿ ನೋಡುತ್ತಲೇ ಇದ್ದಾರೆ. ನನಗೆ ಬೆವರು. ವ್ಯಾಪಾರಿಗಳು ಮಾತ್ರ ಬೀಗರ ಕಡೆ ತಿರುಗಿ, "ನೋಡುದ್ರಾ, ಕರೆಂಟ್ ಕಿತ್ತಾಕುದ್ರೂ ಅಲ್ಲಾಡ್ನಿಲ್ಲ" ಅಂದರು. ಬೀಗರು ಚಪ್ಪಾಳೆ ತಟ್ಟಿದರು. ವಾಲಗದವರು ಇನ್ನೂ ಜೋರಾಗಿ ಊದಿದರು.

ನಡೆದದ್ದು ಇಷ್ಟೇ. ಅವರು ವಾಲಗದ ಜೊತೆ ಒಳಗೆ ಬರುವಾಗಲೇ ನಿಜವಾದ ಕರೆಂಟು ಹೋಗಿ, ಹಿಂದಿನ ಕೊಠಡಿಯಲ್ಲಿ ಇಂಜಿನ್ ಆಗಲೇ ಓಡುತ್ತಿತ್ತು. ಬಾಗಿಲಲ್ಲಿದ್ದ ನನಗೆ ದೀಪ ಆರಿ ಹತ್ತಿದ್ದು ಕಾಣಲಿಲ್ಲ, ಆ ವಾಲಗದ ಸದ್ದಿನಲ್ಲಿ ಇಂಜಿನ್ನೂ ಕಿವಿಗೆ ಬೀಳಲಿಲ್ಲ. ನಾನು ಎಳೆದದ್ದು ಇಲ್ಲದ ಕರೆಂಟನ್ನು. ಮೆಲ್ಲಗೆ ಹಿಡಿಯನ್ನು ವಾಪಸ್ಸು ಹಾಕಿ, ಬಚಾವಾದೆ ಅಂದುಕೊಂಡು ಕರವಸ್ತ್ರ ತೆಗೆಯುತ್ತಿದ್ದೆ. ಅಷ್ಟರಲ್ಲಿ ಲೈನು ಬಂದು, ಪೆಟ್ಟಿಗೆ ಟಪ್ ಅಂದು, ದೀಪ ಆರಿ ಹತ್ತಿತು.

ವ್ಯಾಪಾರಿಗಳು ಹುಬ್ಬು ಗಂಟಿಕ್ಕಿದರು. "ಇದ್ಯಾಕ್ ಆರೋಯ್ತು?"

"ಈಗ ಕರೆಂಟು ಬಂತು ಸ್ವಾಮಿ."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಕರೆಂಟ್ ಓದ್ರೆ ಉರೀತದೆ, ಕರೆಂಟ್ ಬಂದ್ರೆ ಆರ್ತದೆ. ಮೇಸ್ತ್ರಿ, ಇದುನ್ನ ತಿರುಗಾಮುರುಗಾ ಕೂರ್ಸಿದ್ದೀಯ ಕಣಯ್ಯ."

ನಾಯಕಿಯ ಗಂಡು ದನಿ

ಗುಂಡ್ಲುಪೇಟೆಯ ಟಾಕೀಸಿನ ಯಜಮಾನರು ಮೂಲತಃ ಅರಿಶಿನದ ವ್ಯಾಪಾರದವರು. ಆಟದ ನಡುವೆ ಕರೆಂಟು ಹೋದರೆ ಜನ ಶಿಳ್ಳೆ ಹೊಡೆದು ಬೆಂಚು ಮುರಿಯುತ್ತಾರೆ ಅನ್ನುವ ಸಂಕಟಕ್ಕೇ ಅವರು ಪೆಟ್ಟಿಗೆ ತರಿಸಿದ್ದು.

ಒಂದು ಸಂಜೆ ನಾನು ಅಲ್ಲಿದ್ದಾಗಲೇ ಕರೆಂಟು ಹೋಯಿತು. ತೆರೆಯ ಮೇಲೆ ನಾಯಕಿ ಗಂಡನ ಕಾಲು ಹಿಡಿದು ಅಳುತ್ತಾ ಹಾಡುವ ಸನ್ನಿವೇಶ. ಹೆಂಗಸರ ಕಡೆ ಎಲ್ಲರೂ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಇಂಜಿನ್ ಎದ್ದಿತು, ಪೆಟ್ಟಿಗೆ ಟಪ್ ಅಂದಿತು, ಚಿತ್ರ ಮುಂದುವರಿಯಿತು. ಆದರೆ ಇಂಜಿನ್ನಿನ ವೇಗ ಹಿಡಿಯುವ ಸ್ಪ್ರಿಂಗು ಸೋತಿತ್ತು. ಇಂಜಿನ್ ನಿಧಾನವಾದರೆ ಚಿತ್ರ ಬಿಡುವ ಮಿಷನ್ನೂ ನಿಧಾನ. ನಾಯಕಿಯ ಹಾಡು ಇಳಿದು ಇಳಿದು, ಗೊರಕೆ ಹೊಡೆಯುವ ಮುದುಕನ ದನಿಗೆ ಬಂದು ನಿಂತಿತು. ಜನ ಒಂದು ಕ್ಷಣ ತಬ್ಬಿಬ್ಬಾದರು, ಆಮೇಲೆ ಗೊಳ್ಳೆಂದರು.

ನಾನು ಓಡಿ ಹೋಗಿ ಸ್ಪ್ರಿಂಗನ್ನು ಬಿಗಿ ಮಾಡಿದೆ. ಅವಸರದಲ್ಲಿ ಒಂದು ಸುತ್ತು ಹೆಚ್ಚಾಯಿತು. ಅಷ್ಟು ಹೊತ್ತಿಗೆ ದಪ್ಪ ಮೀಸೆಯ ಗಂಡ, "ತೊಲಗು ಈ ಮನೆಯಿಂದ" ಅಂತ ಗರ್ಜಿಸಬೇಕಾಗಿತ್ತು. ಮೂರು ವರ್ಷದ ಮಗುವಿನ ದನಿಯಲ್ಲಿ ಗರ್ಜಿಸಿದ. ಅತ್ತಿದ್ದ ಹೆಂಗಸರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮಾರನೆಯ ದಿನ ಕೂತು ಸ್ಪ್ರಿಂಗು ಬದಲಾಯಿಸಿ ವೇಗವನ್ನು ಸರಿಯಾಗಿ ನಿಲ್ಲಿಸಿದೆ. ಹೊರಗೆ ಬಂದರೆ ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದ ಜನ ಟಿಕೆಟ್ ಕಿಂಡಿಯಲ್ಲಿ, "ಯಾವ ಆಟಕ್ಕೆ ಕರೆಂಟ್ ಓಗೋದು?" ಅಂತ ವಿಚಾರಿಸುತ್ತಿದ್ದರು.

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಸ್ತ್ರಿ, ಅದುನ್ನ ಸರಿ ಮಾಡ್ಬುಟ್ಯಾ?"

"ಮಾಡಿದೆ ಯಜಮಾನರೇ. ಇನ್ನು ತೊಂದರೆ ಇಲ್ಲ."

ಅವರು ಕಿಂಡಿಯ ಮುಂದಿನ ಜನರನ್ನು ನೋಡಿ ನಿಟ್ಟುಸಿರು ಬಿಟ್ಟರು. "ನಿಂಗ್ಯಾರಪ್ಪ ಇಷ್ಟ್ ಅರ್ಜೆಂಟಾಗಿ ಮಾಡು ಅಂದದ್ದು?"

ಮೇಜಿನ ಮೇಲಿನ ಸಾಹುಕಾರರು

ಇದು ನಗುವ ಸಂಗತಿ ಅಂತ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನಡೆಯುವಾಗ ಮಾತ್ರ ಜೀವ ಬಾಯಿಗೆ ಬಂದಿತ್ತು.

ಡೀಸೆಲ್ ಇಂಜಿನ್ನಿನಲ್ಲಿ ಓಡುವ ರೈಸ್ ಮಿಲ್ಲಿನ ಸಾಹುಕಾರರೊಬ್ಬರಿಗೆ ಹರ್ನಿಯಾ ಆಪರೇಷನ್. ಬೆಳಗಿನ ಹೊತ್ತೇ, ಆದರೆ ಮೋಡ ಕವಿದು ಸಂಜೆಯ ಹಾಗಿತ್ತು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಸಾಹುಕಾರರಿಗೆ ಎಚ್ಚರ ಪೂರ್ತಿ ಇತ್ತು. ಹೊಟ್ಟೆ ತೆರೆದಿದ್ದಾಗ ಸಿಡಿಲು ಬಡಿದು ಕರೆಂಟು ಹೋಯಿತು.

ಪೆಟ್ಟಿಗೆ ತನ್ನ ಕೆಲಸ ಮಾಡಿತು. ಬ್ಯಾಟರಿ ಇಂಜಿನ್ನನ್ನು ಗರ್ ಗರ್ ಅಂತ ತಿರುಗಿಸಿತು. ಇಂಜಿನ್ ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿತು. ಇಲ್ಲ. ನಾನು ಹ್ಯಾಂಡಲ್ ಹಾಕಿ ರಟ್ಟೆ ಕಿತ್ತು ಬರುವ ಹಾಗೆ ತಿರುಗಿಸಿದೆ. ಆಗಲೂ ಇಲ್ಲ. ಆಪರೇಷನ್ ಕೋಣೆಯ ಕಿಟಕಿ ನನ್ನ ಎದುರಿಗೇ. ಒಳಗೆ ನರ್ಸಮ್ಮ ಹಿಡಿದ ಟಾರ್ಚಿನ ಬೆಳಕು ಕಾಣುತ್ತಿತ್ತು. ಡಾಕ್ಟರು ಎಲ್ಲಿ ಕೈ ಇಟ್ಟಿದ್ದರೋ ಅಲ್ಲೇ ಒತ್ತಿ ಹಿಡಿದು ನಿಂತುಬಿಟ್ಟಿದ್ದರು. ಏನು ಮಾಡಬೇಕೆಂದು ತೋಚದೆ ಮತ್ತೆ ಹ್ಯಾಂಡಲ್ ತಿರುಗಿಸಿದೆ.

ಆಗ ಮೇಜಿನ ಮೇಲಿಂದ ಸಾಹುಕಾರರ ದನಿ ಬಂತು. "ಲೋ ಮೇಸ್ತ್ರಿ, ಎಣ್ಣೆ ಪೈಪ್ನಾಗೆ ಗಾಳಿ ಸೇರ್ಕಂಡದೆ ಕಣ್ಲಾ. ಸದ್ದು ಕೇಳುದ್ರೆ ಗೊತ್ತಾಗಾಕಿಲ್ವ?"

"ಸಾಹುಕಾರರೇ, ಮಾತಾಡಬೇಡಿ" ಅಂದರು ಡಾಕ್ಟರು. "ಕೂಗಿದರೆ ಹೊಟ್ಟೆ ಅಲುಗುತ್ತೆ."

"ಅಂಗಾರೆ ನಾನು ಮೆತ್ಗೆ ಅಂತೀನಿ, ನೀವು ಕೂಗಿ."

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಸಾಹುಕಾರರು ಪಿಸುಗುಟ್ಟುವುದು, ಅವರ ಹೊಟ್ಟೆಯಿಂದ ಕೈ ತೆಗೆಯದೆ ಡಾಕ್ಟರು ಕಿಟಕಿಯ ಕಡೆ ಕತ್ತು ತಿರುಗಿಸಿ ಕೂಗುವುದು.

"ಪಂಪಿನ ತಲೆಯಲ್ಲಿ ಒಂದು ಸ್ಕ್ರೂ ಇದೆಯಂತೆ, ಸಡಿಲ ಮಾಡಯ್ಯ."

ಮಾಡಿದೆ.

"ನೊರೆ ಬರ್ತಿದೆಯಾ ಅಂತ ಕೇಳ್ತಿದಾರೆ."

"ಬರ್ತಿದೆ ಸಾರ್."

"ನೊರೆ ಹೋಗಿ ಬರೀ ಎಣ್ಣೆ ಬರೋ ತನಕ ಬಿಡಬೇಕಂತೆ. ಆಮೇಲೆ ಬಿಗಿ ಮಾಡಬೇಕಂತೆ. ಬೆರಳು ಹುಷಾರಂತೆ."

ನೊರೆ ನಿಂತಿತು. ಬಿಗಿ ಮಾಡಿ ಹ್ಯಾಂಡಲ್ ತಿರುಗಿಸಿದೆ. ಇಂಜಿನ್ ಒಂದು ಸಲ ಕೆಮ್ಮಿ, ಹೊಗೆ ಉಗುಳಿ, ಎದ್ದು ಓಡಿತು. ಪೆಟ್ಟಿಗೆ ಟಪ್ ಅಂದಿತು. ಆಪರೇಷನ್ ದೀಪ ಹತ್ತಿತು. ಒಳಗೆ ನರ್ಸಮ್ಮ ಟಾರ್ಚು ಆರಿಸುವುದನ್ನೂ ಮರೆತು ಅಳುತ್ತಿದ್ದರು. ಡಾಕ್ಟರು ದೀರ್ಘವಾಗಿ ಉಸಿರು ಬಿಟ್ಟರು.

"ಸಾಹುಕಾರರೇ, ದೊಡ್ಡ ಉಪಕಾರ ಮಾಡಿದಿರಿ. ಇನ್ನು ಸುಮ್ಮನೆ ಮಲಗಿ, ಹೊಲಿಗೆ ಹಾಕಿ ಮುಗಿಸ್ತೀನಿ."

ಸಾಹುಕಾರರು ಮಲಗಿದ್ದಲ್ಲಿಂದಲೇ ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟರು. ಆಮೇಲೆ ಅಂದರು:

"ಡಾಕ್ಟ್ರೇ, ನಂದು ಒಲ್ದಾಕ್ಬುಟ್ಟ ಮ್ಯಾಲೆ ಒಂದ್ ಕೆಲ್ಸ ಮಾಡಿ. ಅದ್ರ ಎರಡ್ನೇ ಸಿಲಿಂಡ್ರು ಸರ್ಯಾಗಿ ಬಡೀತಿಲ್ಲ. ಎಂಗಿದ್ರೂ ಕೈ ತೊಳ್ಕಂಡಿದ್ದೀರಿ, ಅದುನ್ನೂ ಒಸಿ ಬಿಚ್ಚಿ ನೋಡ್ಬುಡಿ."