ಹಿತ್ತಾಳೆ ಗುಂಡಿಯ ಸೇನಾಪತಿ

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ತಿಳಿದವರು ಸುಮ್ಮನೆ ಹೇಳಿಲ್ಲ. ಶನಿವಾರದ ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಿದ್ದರು, ನಿಯಮಪ್ಪ ಬಾಯಿ ಬಿಟ್ಟ.

ನಿಯಮಪ್ಪ ಎಂಬುದು ಅವನ ಹೆಸರಲ್ಲ. ಮೊಬೈಲ್ ಆಟಗಳನ್ನು ಮಾಡುವ ಕಂಪನಿಯಲ್ಲಿ ಆಟಕ್ಕೆ ನಿಯಮ ಕಟ್ಟುವುದು ಅವನ ಕೆಲಸ, ಅದಕ್ಕೇ ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು. ಈಗೀಗ ಸಿಟ್ಟು ಬಂದರೆ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಅವನು ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಹೆಂಡತಿ ಮಾತಾಡುವಾಗ ತಲೆಯೊಳಗೇ ಕಟ್ಟಿದ್ದ ನಾಲ್ಕು ರಾಜ್ಯಗಳ ಯುದ್ಧದಾಟ ಅವತ್ತು ಚರ್ಚೆಗೆ ಬಂದಿತ್ತು. ಯಜಮಾನರಿಗೆ ಮೊದಲು ಚಿತ್ರ ಬೇಕಾಗಿತ್ತು. ಮಿಂಚುವ ಕತ್ತಿ, ಬೆಂಕಿ ಉಗುಳುವ ಆನೆ, ಹೊಗೆ, ಧೂಳು.

"ಸಾರ್, ಮೊದಲು ಆಟ ನಡೆಯುತ್ತಾ ನೋಡೋಣ, ಚಿತ್ರ ಆಮೇಲೆ," ಎಂದ ನಿಯಮಪ್ಪ. "ಇಲ್ಲಾಂದ್ರೆ ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಗುತ್ತೆ."

ಇಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಎದುರಿಗಿದ್ದ ಚಿತ್ರಕಾರ ಕಿಸಕ್ಕನೆ ನಕ್ಕುಬಿಟ್ಟ. ನಿಯಮಪ್ಪನಿಗೆ ರೇಗಿತು. "ಆಟ ಗಟ್ಟಿಯಾಗಿದ್ರೆ ಅಂಗಿ ಗುಂಡಿ ಇಟ್ಟು ಆಡಿಸಿದ್ರೂ ಜನ ಎದ್ದು ಹೋಗಲ್ಲ ಸಾರ್!"

"ಹೌದಾ?" ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಹಾಗಾದ್ರೆ ಆಡಿಸು. ಆಫೀಸಿನವರ ಹತ್ರ ಬೇಡ, ಇವರೆಲ್ಲ ಸಂಬಳಕ್ಕೆ ಚಪ್ಪಾಳೆ ತಟ್ಟೋರು. ನಿನ್ನ ಮನೇಲಿ, ಅಕ್ಕಪಕ್ಕದವರ ಹತ್ರ ಆಡಿಸು. ನಾಳೆ ಸಂಜೆ ನೀನು ತೋರಿಸಿದ ಟೈಲರ್ ಹತ್ರ ನನ್ನ ಕೋಟು ತಗೊಳ್ಳೋಕೆ ಹೇಗೂ ಆ ಕಡೆ ಬರ್ತೀನಿ. ಜನ ಕೂತಿದ್ರೆ ಆಟ ಪಾಸು. ಎದ್ದು ಹೋಗಿದ್ರೆ ಆಟ ಕಸದ ಬುಟ್ಟಿಗೆ, ನೀನು ದೂರು ವಿಭಾಗಕ್ಕೆ."

ದೂರು ವಿಭಾಗವೆಂದರೆ ಕಟ್ಟಡದ ನೆಲಮಾಳಿಗೆ. ಅಲ್ಲಿ ಕೂತವರು ಬೆಳಗಿಂದ ಸಂಜೆವರೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಿರಾಕಿಗಳ ಬೈಗುಳ ಕೇಳಬೇಕು. ಅವರು ಮನೆಯಲ್ಲಿ ಯಾರಾದರೂ 'ಹಲೋ' ಎಂದರೂ ಬೆಚ್ಚಿಬಿದ್ದು ಕ್ಷಮೆ ಕೇಳುತ್ತಾರಂತೆ. ನಿಯಮಪ್ಪನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದವನೇ ಸಾಮ್ರಾಜ್ಯ ಕಟ್ಟಲು ಹೊರಟ. ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದ, ಅದು ಭೂಮಿ. ನಡುವೆ ಒಂದು ನೀಲಿ ರಿಬ್ಬನ್ ಎಳೆದ, ಅದು ನದಿ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಡ್ಯೂಟಿಗೆ ಹೊರಟು ಬಾಗಿಲು ದಾಟಿದ್ದೇ ತಡ, ತಾರಸಿಗೆ ಓಡಿ ಒಣಹಾಕಿದ ಬಟ್ಟೆಗಳ ಕ್ಲಿಪ್ಪುಗಳನ್ನೆಲ್ಲ ಕಿತ್ತು ತಂದ. ಅವು ಕೋಟೆಯ ಗೋಡೆಗಳು. ಮೇಲ್ಮನೆಯ ಕ್ಯಾಪ್ಟನ್ನರ ಅಡುಗೆಮನೆಯಿಂದ ಬೆಂಕಿಪೊಟ್ಟಣಗಳನ್ನು ಕೇಳಿ ತಂದ, ಕಡ್ಡಿಗಳೇ ದವಸ. ಕೆಳಗಡೆ ಅಂಗಡಿಯ ಟೈಲರ್ ನಾಲ್ಕು ಬಣ್ಣದ ಗುಂಡಿಗಳನ್ನು ಬೊಗಸೆ ತುಂಬ ಕೊಟ್ಟರು, ಅವರೇ ಸೈನಿಕರು. ಅಲ್ಲೇ ಒಂದು ಕಾಗದದ ಮೇಲೆ ಥಳಥಳ ಹೊಳೆಯುವ ಹಿತ್ತಾಳೆ ಗುಂಡಿಗಳು ಕಂಡವು.

"ಇವನ್ನೂ ತಗೊಳ್ಳಲಾ? ಸೇನಾಪತಿಗಳಿಗೆ?"

ಟೈಲರ್ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದರು. ತಲೆ ಅಲ್ಲಾಡಿಸಿದರು. ಅದು ತಗೋ ಎಂದೋ ಬೇಡ ಎಂದೋ ವಿಚಾರಿಸುವಷ್ಟು ವ್ಯವಧಾನ ನಿಯಮಪ್ಪನಿಗಿರಲಿಲ್ಲ.

ರಾಜ್ಯವೇನೋ ಸಿದ್ಧವಾಯಿತು, ಆಡುವವರು ಬೇಕಲ್ಲ! "ನಾನು ನಿಜವಾದ ಯುದ್ಧ ನೋಡಿದವನು ಕಣಯ್ಯಾ, ಗುಂಡಿ ಜೊತೆ ಆಡಲ್ಲ," ಎಂದರು ಕ್ಯಾಪ್ಟನ್. ಅವರು ಸೈನ್ಯದಿಂದ ನಿವೃತ್ತರಾದರೂ ಮೀಸೆ ಇನ್ನೂ ಸೇವೆಯಲ್ಲಿತ್ತು. ಎದುರುಮನೆಯ ವಕೀಲರಮ್ಮ ಬಾಗಿಲ ಸಂದಿಯಿಂದಲೇ, "ಭಾನುವಾರ ನಾನು ಕಕ್ಷಿದಾರರಿಗೇ ಮುಖ ತೋರಿಸಲ್ಲ, ನಿಮ್ಮ ಆಟಕ್ಕೆ ಬರ್ತೀನಾ?" ಎಂದರು. ಕೊನೆಗೆ ಉಳಿದವರು ಅತ್ತೆ ಒಬ್ಬರೇ. ಮಗಳ ಮನೆಗೆ ವಾರದ ಮಟ್ಟಿಗೆ ಬಂದಿದ್ದ ಅವರು ಮುದುರಿದ ಸ್ವೆಟರ್ ಬಿಚ್ಚಿ ಉಣ್ಣೆ ಸುತ್ತುತ್ತಿದ್ದರು.

ನಿಯಮ ಸರಳವಾಗಿತ್ತು. ಸರದಿ ಬಂದಾಗ ಮೂರರಲ್ಲಿ ಒಂದು ಕೆಲಸ: ದವಸ ಬೆಳೆಯಬಹುದು, ಸೈನ್ಯ ನಡೆಸಬಹುದು, ಇಲ್ಲವೇ ಗೋಡೆ ಕಟ್ಟಬಹುದು. ಅತ್ತೆ ಸುತ್ತಲೂ ಕ್ಲಿಪ್ಪು ನಿಲ್ಲಿಸಿ ಒಳಗೆ ಕೂತರು. ನಿಯಮಪ್ಪನೂ ಕೂತ.

"ಮುಂದೆ?" ಎಂದರು ಅತ್ತೆ.

"ಮುಂದೆ ನೀವು ದಾಳಿ ಮಾಡಬೇಕು ಅತ್ತೆ."

"ನಾನ್ಯಾಕೆ ಮಾಡಲಿ? ಗೋಡೆ ಇದೆ, ಆರಾಮಾಗಿದೀನಿ."

ಅದೂ ನಿಜವೇ. ಹಾಲು ಉಕ್ಕಿ ಬರುವಷ್ಟರಲ್ಲಿ ಅತ್ತೆ ತೂಕಡಿಸತೊಡಗಿದರು. ತಲೆಯೊಳಗೆ ಅಷ್ಟು ದಿನ ಕಹಳೆ ಊದಿದ್ದ ಆಟ ರಟ್ಟಿನ ಮೇಲೆ ಸತ್ತು ಬಿದ್ದಿತ್ತು. ಒಂದೇ ಸಮಾಧಾನವೆಂದರೆ, ಬೆಂಕಿ ಉಗುಳುವ ಆನೆಯನ್ನು ಇನ್ನೂ ಬರೆಸಿರಲಿಲ್ಲ. ಬರೆಸಿದ್ದರೆ ಈಗ ಅದೂ ಅತ್ತೆಯ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿತ್ತು.

ಅತ್ತೆ ಒಂದು ಕಣ್ಣು ತೆರೆದರು. "ಅಲ್ಲ ಅಳಿಯಂದ್ರೇ, ಗೋಡೆ ಒಳಗೆ ಇಷ್ಟು ಜನ ಕೂತಿದಾರಲ್ಲ, ಇವರಿಗೆ ಊಟ ಯಾರು ಹಾಕ್ತಾರೆ?"

"ಊಟಾನಾ? ಇದು ಆಟ ಅತ್ತೆ."

"ಆಟ ಆದ್ರೇನು, ಹೊಟ್ಟೆ ಇರಲ್ವಾ? ಊಟ ಹಾಕದಿದ್ರೆ ಯಾರು ನಿಲ್ತಾರೆ? ಹಾಕೋ ಮನೆ ಕಡೆ ಎದ್ದು ಹೋಗ್ತಾರೆ."

ನಿಯಮಪ್ಪನ ಮೈ ಜುಮ್ಮೆಂದಿತು. ಬಸ್ ಸ್ಟಾಪಿನಲ್ಲೂ ಬಚ್ಚಲಲ್ಲೂ ಹೊಳೆಯದ ಸಂಗತಿ ಉಣ್ಣೆಯುಂಡೆಯ ಹಿಂದಿನಿಂದ ಉರುಳಿ ಬಂದಿತ್ತು. ಅಲ್ಲೇ ಹೊಸ ನಿಯಮ ಮಾಡಿದ: ಪ್ರತಿ ಸರದಿಗೆ ಪ್ರತಿ ಸೈನಿಕನಿಗೆ ಒಂದು ಕಡ್ಡಿ. ಕಡ್ಡಿ ಸಿಗದ ಸೈನಿಕ, ಸೇನಾಪತಿಯೇ ಆಗಿರಲಿ, ಯಾರ ಕಣಜದಲ್ಲಿ ಹೆಚ್ಚು ದವಸವಿದೆಯೋ ಅವರ ಕಡೆಗೆ ನಡೆದುಬಿಡುತ್ತಾನೆ.

ಮತ್ತೆ ಆಟ ಹೂಡಿದರು. ಅಷ್ಟರಲ್ಲಿ ಬಾಗಿಲು ಬಡಿಯಿತು. ವಕೀಲರಮ್ಮ ಕೊಡೆಯ ತುದಿಗೆ ನಿಯಮಪ್ಪನ ಬನಿಯನ್ ಸಿಕ್ಕಿಸಿಕೊಂಡು ನಿಂತಿದ್ದರು. ಕ್ಲಿಪ್ಪಿಲ್ಲದ ಬಟ್ಟೆಗಳೆಲ್ಲ ಗಾಳಿಗೆ ಹಾರಿ ಅವರ ಬಾಲ್ಕನಿಗೆ ವಲಸೆ ಹೋಗಿದ್ದವು.

"ಇದು ಅತಿಕ್ರಮ ಪ್ರವೇಶ! ನಾನು ಇದನ್ನ ಇಲ್ಲಿಗೆ ಬಿಡಲ್ಲ..." ಎನ್ನುತ್ತಾ ಒಳಬಂದವರು ಮೇಜಿನ ಮುಂದೆ ನಿಂತರು. ಅತ್ತೆಯ ಕಡೆಗೆ ಸಾಲುಸಾಲಾಗಿ ನಡೆಯುತ್ತಿದ್ದ ನಿಯಮಪ್ಪನ ಕೆಂಪು ಗುಂಡಿಗಳನ್ನು ನೋಡಿದರು. "ಇವರು ಯಾಕೆ ಹೋಗ್ತಿದಾರೆ?"

"ಉಪವಾಸ," ಎಂದರು ಅತ್ತೆ.

ವಕೀಲರಮ್ಮ ಬನಿಯನ್ನನ್ನು ಕುರ್ಚಿಗೆ ಹಾಕಿ, ಅದರ ಮೇಲೇ ಕೂತು, "ಹಸಿರು ಗುಂಡಿ ನನಗಿರಲಿ," ಎಂದರು.

ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಗುಡುಗುತ್ತಾ ಬಂದರು. ಒಲೆ ಹಚ್ಚಲು ಮನೆಯಲ್ಲಿ ಒಂದು ಕಡ್ಡಿಯೂ ಇಲ್ಲ, ಹೆಂಡತಿ ಅವರನ್ನೇ ಹಚ್ಚುವ ಹಾಗಿದ್ದಾಳೆ. ಬೆಂಕಿಪೊಟ್ಟಣಕ್ಕೆ ಚಾಚಿದ ಕೈ ನದಿಯ ಮೇಲೆಯೇ ನಿಂತಿತು. "ಯಾರಯ್ಯಾ ಇಲ್ಲಿ ಸೇತುವೆ ಕಾಯದೆ ಬಿಟ್ಟಿರೋದು? ನಾಚಿಕೆಗೇಡು! ಸರಿ ಅತ್ತ." ಹೀಗೆ ನೀಲಿ ರಾಜ್ಯಕ್ಕೂ ದೊರೆ ಸಿಕ್ಕಿದ.

ಕೊನೆಗೆ ಟೈಲರ್ ಏದುಸಿರು ಬಿಡುತ್ತಾ ಬಂದರು. ಬಾಯಲ್ಲಿ ಈಗ ಸೂಜಿ ಇರಲಿಲ್ಲ, ಆದ್ದರಿಂದ ಮಾತು ಧಾರಾಳವಾಗಿತ್ತು. "ಏನ್ ಸಾರ್, ಕೋಟಿನ ಗುಂಡಿಗೇ ಕೈ ಹಾಕೋದಾ? ನಿಮ್ಮ ಯಜಮಾನರ ಕೋಟು ಸಾರ್ ಅದು! ನೀವೇ ಅವರನ್ನ ಕರ್ಕೊಂಡು ಬಂದ್ರಿ, ನೀವೇ ನನ್ನ ಕತ್ತು ಕುಯ್ತಿದೀರಲ್ಲ! ಅವರು ಸಂಜೆ ಬರ್ತಾರೆ!"

ನಿಯಮಪ್ಪ ಮೇಜಿನತ್ತ ಧಾವಿಸಿದ. ಹಿತ್ತಾಳೆ ಗುಂಡಿಗಳನ್ನು ಎತ್ತಿಕೊಡಲು ಕೈ ಚಾಚಿದ. ಕ್ಯಾಪ್ಟನ್ ಅವನ ಮಣಿಕಟ್ಟು ಹಿಡಿದರು. "ಯುದ್ಧದ ಮಧ್ಯೆ ಸೇನಾಪತೀನ ಎತ್ಕೊಂಡು ಹೋಗ್ತೀಯಾ?"

"ಬೇಕಾದ್ರೆ ನೀವೂ ಆಡಿ," ಎಂದರು ವಕೀಲರಮ್ಮ ಟೈಲರಿಗೆ. "ಕೆಂಪು ರಾಜ್ಯದ ಸ್ಥಿತಿ ಹೀನಾಯವಾಗಿದೆ. ಇವರಿಗೆ ಆಡೋಕೆ ಬರಲ್ಲ."

ಆಟ ಮಾಡಿದವನನ್ನೇ ಎಬ್ಬಿಸಿ ಟೈಲರ್ ಕೂತರು. "ಒಂದೇ ಒಂದು ಸರದಿ," ಎಂದರು. ನಿಯಮಪ್ಪ ಗೋಡೆಗೊರಗಿ ನಿಂತ. ಆಗ ಅವನು ಕಂಡದ್ದನ್ನು ಹೇಗೆ ಹೇಳುವುದೋ!

ಮೇಜಿನ ಮೇಲಿದ್ದದ್ದು ಒಂದು ಹರಿದ ರಟ್ಟು, ರಿಬ್ಬನ್, ಬಟ್ಟೆ ಕ್ಲಿಪ್ಪು. ಆದರೆ ಯಾರೂ ರಿಬ್ಬನ್ ಎನ್ನುತ್ತಿರಲಿಲ್ಲ, ನದಿ ಎನ್ನುತ್ತಿದ್ದರು. ವಕೀಲರಮ್ಮ ಮಳೆಗಾಲಕ್ಕೆ ಮುಂಚೆ ದಾಟಬೇಕು ಎಂದು ಗೊಣಗಿದರು. ಆಟದಲ್ಲಿ ಮಳೆಗಾಲವೇ ಇರಲಿಲ್ಲ! ಒಂದು ಕಡ್ಡಿ ಜಾರಿ ಕೆಳಗೆ ಬಿದ್ದಾಗ ನಾಲ್ವರೂ ಹಸಿದವರ ಹಾಗೆ ಅದನ್ನೇ ನೋಡಿದರು. ತನ್ನ ತಲೆಯೊಳಗಿನ ರಾಜ್ಯ ಬೇರೆಯವರ ಕಣ್ಣಿನಲ್ಲಿ ಬೆಳಗುವುದನ್ನು ನಿಯಮಪ್ಪ ಎಂದೂ ನೋಡಿರಲಿಲ್ಲ. ಅವನ ಕಣ್ಣು ತೇವವಾಯಿತು. ಇದು ನಾನೇ ಮಾಡಿದ್ದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ.

ಕ್ಯಾಪ್ಟನ್ ಇಡೀ ದಂಡು ಕಟ್ಟಿಕೊಂಡು ಸೇತುವೆ ದಾಟಿದರು, ಕಡ್ಡಿ ಬೆಳೆಯುವುದನ್ನು ಮರೆತರು. ನಡುದಾರಿಯಲ್ಲಿ ನೀಲಿ ಸೈನ್ಯ ನಿಂತಿತು, ತಿರುಗಿತು, ಅತ್ತೆಯ ಕಣಜದ ಕಡೆಗೆ ನಡೆಯತೊಡಗಿತು.

"ಅಮ್ಮಾ! ಅವರು ನನ್ನ ಹುಡುಗರು! ನಾನು ಸಾಕಿದ ಹುಡುಗರು!"

"ಸಾಕಿದ್ರೆ ಯಾಕೆ ಬರ್ತಿದ್ರು?" ಎಂದು ಅತ್ತೆ ಉಣ್ಣೆ ಸುತ್ತುತ್ತಲೇ ಒಬ್ಬೊಬ್ಬರಿಗೂ ಒಂದೊಂದು ಕಡ್ಡಿ ಇಟ್ಟರು. ಕ್ಯಾಪ್ಟನ್ನರ ಮೀಸೆ ಅವತ್ತು ಮೊದಲ ಸಲ ನಿವೃತ್ತಿಯಾಯಿತು.

ಆ ಹೊತ್ತಿಗೆ ಸರಿಯಾಗಿ ಯಜಮಾನರು ಬಂದರು. ಕೆಳಗೆ ಅಂಗಡಿ ತೆರೆದೇ ಇದ್ದರೂ ಟೈಲರಿಲ್ಲ. ಕೋಟನ್ನು ಅವರೇ ಮೊಳೆಯಿಂದ ತೆಗೆದು ತೊಟ್ಟುಕೊಂಡಿದ್ದರು, ಗುಂಡಿಯಿಲ್ಲದೆ ಅದು ಎರಡೂ ಕಡೆ ಬಾಗಿಲಿನಂತೆ ತೆರೆದುಕೊಂಡಿತ್ತು. ದೊಡ್ಡದೊಂದು ಪಾರ್ಟಿಗೆ ಹೊರಟಿದ್ದರು.

"ಎಲ್ಲಿ ಆ ಟೈಲರ್? ನನ್ನ ಗು..."

"ಶ್!" ಎಂದರು ನಾಲ್ವರೂ.

ಜೀವಮಾನದಲ್ಲಿ ಯಜಮಾನರಿಗೆ ಯಾರೂ ಹಾಗೆ ಅಂದಿರಲಿಲ್ಲ. ಮೇಜಿನತ್ತ ಬಗ್ಗಿ ನೋಡಿದರು. "ಇವು ನನ್ನ ಗುಂಡಿ!"

"ಆಗಿದ್ವು," ಎಂದರು ವಕೀಲರಮ್ಮ. "ಈಗ ಎರಡು ಯುದ್ಧದಲ್ಲಿವೆ, ಎರಡು ಈ ಅಮ್ಮನ ಆಶ್ರಯದಲ್ಲಿವೆ. ಬೇಕಾದ್ರೆ ನಿಯಮದ ಪ್ರಕಾರ ಗೆದ್ದು ತಗೊಳ್ಳಿ."

ಸೋತ ಕ್ಯಾಪ್ಟನ್ ಸೀಟು ಬಿಟ್ಟುಕೊಟ್ಟರು. ಯಜಮಾನರು ಸಿಟ್ಟಿನಿಂದಲೇ ಕೂತರು, ಅಳಿದುಳಿದ ನೀಲಿ ಗುಂಡಿಗಳನ್ನೂ ಅವುಗಳ ಸೇನಾಪತಿಯನ್ನೂ ಎಳೆದುಕೊಂಡರು. ಪಾರ್ಟಿಯಿಂದ ಫೋನ್ ಬಂತು, ಯಜಮಾನರು ಕತ್ತರಿಸಿದರು. ಮತ್ತೆ ಬಂತು, ಫೋನನ್ನು ಬೋರಲು ಹಾಕಿದರು. ಮೂರನೇ ಸಲ ಬಂದಾಗ, "ನದಿ ದಾಟ್ತಿದೀನಿ, ಆಮೇಲೆ ಮಾಡಿ!" ಎಂದು ಕಿರುಚಿದರು.

ಟೈಲರ್ ಕುಸಿದರು. ವಕೀಲರಮ್ಮ ಒಂದಷ್ಟು ಹೊತ್ತು ವಾದಿಸಿ ಕುಸಿದರು. ಕೊನೆಗೆ ಯಜಮಾನರ ಏಕೈಕ ಸೇನಾಪತಿ ಕಡ್ಡಿಯಿಲ್ಲದೆ ಒಂಟಿಯಾಗಿ ನಿಂತ. ಯಜಮಾನರೇ ಬೆರಳಿನಿಂದ ತಮ್ಮ ಕೋಟಿನ ಗುಂಡಿಯನ್ನು ತಳ್ಳುತ್ತಾ, ಇಡೀ ನಾಡು ದಾಟಿಸಿ ಅತ್ತೆಯ ಅಂಗಳಕ್ಕೆ ಬಿಟ್ಟರು. ಒಂದು ಯುದ್ಧವನ್ನೂ ಮಾಡದೆ ಅತ್ತೆ ನಾಲ್ಕು ರಾಜ್ಯಗಳಿಗೂ ಒಡತಿಯಾದರು. ಕ್ಯಾಪ್ಟನ್ ಎದ್ದು ನಿಂತು ಸೆಲ್ಯೂಟ್ ಹೊಡೆದರು.

"ಅದ್ಭುತ," ಎಂದರು ಯಜಮಾನರು ಕೊನೆಗೆ. "ಎಂಥಾ ಆಟ ಕಣಯ್ಯಾ! ಆ ಆನೆ ಹೋಗೋವಾಗ ನನ್ನ ಕರುಳು ಚುರುಕ್ ಅಂತು."

"ಆನೆ ಎಲ್ಲಿತ್ತು ಸಾರ್? ಅದು ಗುಂಡಿ."

"ನನಗೆ ಆನೆನೇ ಕಾಣಿಸ್ತು!"

ನಿಯಮಪ್ಪ ಹಿಗ್ಗಿ ಹೀರೇಕಾಯಿಯಾದ. "ಹಾಗಾದ್ರೆ ಪಾಸು ತಾನೇ ಸಾರ್? ಚಿತ್ರ ಒಂದಾದ್ರೂ ಬೇಕು ಅನ್ನಿಸಿತಾ?"

"ಒಂದೂ ಬೇಡ," ಎಂದವರು ಸುತ್ತ ನೋಡಿದರು. ಟೈಲರ್ ಹೆಂಡತಿಗೆ ಕಲಿಸಬೇಕೆಂದು ಉಳಿದ ಗುಂಡಿಗಳನ್ನು ಜೇಬಿಗೆ ತುಂಬುತ್ತಿದ್ದರು. ಕ್ಯಾಪ್ಟನ್ ರಟ್ಟಿನ ಇನ್ನೊಂದು ಮಗ್ಗುಲನ್ನು ಹರಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ವಕೀಲರಮ್ಮ ತಂಗಿಗೆ ಫೋನಿನಲ್ಲಿ ನಿಯಮಗಳನ್ನು ಒಂದೂ ಬಿಡದೆ ಒಪ್ಪಿಸುತ್ತಿದ್ದರು: "ಏನೂ ಕೊಳ್ಳೋದು ಬೇಡ ಕಣೇ, ಮನೇಲಿರೋ ಗುಂಡಿ ಸಾಕು."

ಯಜಮಾನರ ಮುಖ ನಿಧಾನವಾಗಿ ಬಾಡಿತು. "ಹೊಟ್ಟೆಗೆ ಹಿಟ್ಟು ಮೊದಲು ಅಂದೆ, ಸರಿ. ಹಿಟ್ಟು ಎಲ್ಲರ ಮನೇಲೂ ಇದೆಯಲ್ಲಯ್ಯಾ! ನಾನು ಮಲ್ಲಿಗೆ ಮಾರೋನು. ಮಲ್ಲಿಗೆ ಬೇಡವೇ ಬೇಡ ಅನ್ನೋ ಹಾಗೆ ಆಟ ಕಟ್ಟಿದರೆ ನಾನು ಏನು ಮಾರಲಿ?"

"ಸಾರ್, ಜನ ಕೂತಿದ್ರೆ ಪಾಸು ಅಂದಿದ್ರಿ..."

"ಆಟ ಪಾಸು. ಅದಕ್ಕೇ ಅದು ಕಂಪನಿಗೆ ಬೇಡ. ನೀನು ನಾಳೆಯಿಂದ ನೆಲಮಾಳಿಗೆಗೆ ಹೋಗು." ಹೊರಡುವ ಮುನ್ನ ಅತ್ತೆಯತ್ತ ದೀನವಾಗಿ ನೋಡಿದರು. "ಅಮ್ಮಾ, ಗುಂಡಿ..."

"ಎಲ್ಲರಿಗೂ ಊಟ ಹಾಕಿದೀನಪ್ಪಾ, ಈಗ ಹೇಗೆ ಕಳಿಸಲಿ?" ಎಂದರು ಅತ್ತೆ. ಆದರೆ ಕರುಣೆ ಬಂದು ಮೂರು ಬಟ್ಟೆ ಕ್ಲಿಪ್ಪು ಕೊಟ್ಟರು. ಯಜಮಾನರು ಅವನ್ನೇ ಕೋಟಿಗೆ ಸಿಕ್ಕಿಸಿಕೊಂಡು ಪಾರ್ಟಿಗೆ ಹೋದರು.

ನಿಯಮಪ್ಪ ಬರಿದಾದ ಮೇಜಿನ ಮುಂದೆ ಕೂತ. ಹೆಂಡತಿ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲೇ ನಿಂತಳು. "ರೀ, ಬಟ್ಟೆ ಎಲ್ಲಿ? ಮೆಟ್ಟಿಲು ಮೇಲೆಲ್ಲ ಜನ ಯಾಕೆ ಗುಂಡಿ ಹರಡಿಕೊಂಡು ಕೂತಿದಾರೆ?"

ಅವನು ಕಿವಿಗೊಟ್ಟ. ಹೌದು, ಮೇಲಿನಿಂದ, ಕೆಳಗಿನಿಂದ, ಎದುರುಮನೆಯಿಂದ ಕೂಗು, ನಗು, ಗುಂಡಿ ಜಾರುವ ಸದ್ದು. ಯಾರೋ "ಊಟ ಹಾಕ್ರೋ!" ಎಂದು ಅರಚಿದರು. ಇಡೀ ಕಟ್ಟಡ ಅವನ ರಾಜ್ಯವಾಗಿತ್ತು, ಅವನಿಗೆ ಮಾತ್ರ ಅದರಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಆದರೂ ಅವನ ರೋಮ ನಿಮಿರಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಹಲೋ, ಏನಯ್ಯಾ ನಿನ್ನ ಆಟ!" ಕ್ಯಾಪ್ಟನ್ನರ ದನಿ. "ನನ್ನ ಸೈನ್ಯ ಪೂರ್ತಿ ಹೆಂಡತಿ ಕಡೆ ಹೋಗಿದೆ, ಬೆಂಕಿಪೊಟ್ಟಣ ಅವಳ ಕೈಲೇ ಇದೆ. ಇದೇನು ನ್ಯಾಯ?"

ನಿಯಮಪ್ಪ ಬೆಚ್ಚಿಬಿದ್ದು ಎದ್ದು ನಿಂತ.

"ಕ್ಷಮಿಸಿ ಸಾರ್," ಎಂದ. "ನಿಮ್ಮ ದೂರು ನಿಧಾನವಾಗಿ ಹೇಳಿ."