ನೀವು ಸುಮ್ಮನಾದ ಆ ಒಂದು ನಿಮಿಷದ ಬಗ್ಗೆ

ಸೋಮನೂರು,
9 ಜನವರಿ 1986

ನೊಯ್ಯಲ್ ನದಿಯ ದಡದಲ್ಲಿ, ರಜೆಕಾಲದ ವಸ್ತುಪ್ರದರ್ಶನದ ಹುಣಸೆಮರದ ಕೊಂಬೆಯ ಮೇಲೆ ವಿರಾಜಮಾನರಾಗಿರುವ ಶ್ರೀಮಾನ್ ಧ್ವನಿವರ್ಧಕ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಸೋಮನೂರಿನಲ್ಲಿ ಹನ್ನೆರಡು ಪವರ್‌ಲೂಮ್ ಮಗ್ಗಗಳ ಶೆಡ್ಡು ನಡೆಸಿಕೊಂಡು ಬಂದಿರುವ ನಂಜಪ್ಪನ್ ಎಂಬ ನಾನು ತಲೆಬಾಗಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾವಿಲ್ಲಿ ಕ್ಷೇಮವಾಗಿಲ್ಲ. ತಾವಾದರೂ ಅಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮಾರ್ಗಳಿ ತಿಂಗಳ ಮಂಜಿನಿಂದ ತಮ್ಮ ಕಂಠಕ್ಕೆ ತೊಂದರೆಯಾಗಿಲ್ಲವೆಂದೂ, ತಮ್ಮನ್ನು ಕೊಂಬೆಗೆ ಬಿಗಿದಿರುವ ಹಗ್ಗ ಸೊಂಟಕ್ಕೆ ಒತ್ತುತ್ತಿಲ್ಲವೆಂದೂ, ತಮ್ಮ ಅಗಲವಾದ ಬಾಯೊಳಗೆ ಗೂಡು ಕಟ್ಟುವ ಧೈರ್ಯವನ್ನು ಯಾವ ಕಾಗೆಯೂ ಮಾಡಿಲ್ಲವೆಂದೂ ತಿಳಿದು ಮುಂದುವರಿಯುತ್ತೇನೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಾವು ಮನೆಯಲ್ಲಿ ಕನ್ನಡವನ್ನೇ ಆಡುವವರಾದರೂ ನಮ್ಮ ಓದುಬರಹವೆಲ್ಲ ತಮಿಳಿನಲ್ಲಿ. ನಾನೊಬ್ಬ ಮಾತ್ರ ಪ್ರಾಯದಲ್ಲಿ ಆರು ವರ್ಷ ಕೊಳ್ಳೇಗಾಲದ ರೇಷ್ಮೆ ಅಂಗಡಿಯಲ್ಲಿ ಕೆಲಸಕ್ಕಿದ್ದು ಈ ಅಕ್ಷರಗಳನ್ನು ಕಲಿತುಕೊಂಡೆ. ಹೀಗಾಗಿ ಈ ಬಹಿರಂಗ ಪತ್ರವನ್ನು ನಾನು ಶೆಡ್ಡಿನ ಬಾಗಿಲಿಗೇ ಅಂಟಿಸಿದರೂ ನಮ್ಮ ಬೀದಿಯಲ್ಲಿ ಓದುವವರಿಲ್ಲ. ಮನಸ್ಸಿನಲ್ಲಿರುವುದನ್ನು ಬಹಿರಂಗವಾಗಿ ಹೇಳಿಕೊಳ್ಳುವುದಕ್ಕೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇರೆ ಯಾರಿಗಿದೆ?

ಕಳೆದ ಡಿಸೆಂಬರ್ ಇಪ್ಪತ್ತೊಂಬತ್ತನೆಯ ತಾರೀಖು ಭಾನುವಾರ ನಾನು, ನನ್ನ ಹೆಂಡತಿ ಸುಶೀಲ ಮತ್ತು ಮಗಳು ಸಾಂತಿ ಕೊಯಮತ್ತೂರಿಗೆ ಬಂದದ್ದು ಹುಡುಗಿ ತೋರಿಸುವುದಕ್ಕಲ್ಲ. ಮಾರ್ಗಳಿ ತಿಂಗಳಲ್ಲಿ ಅಂಥ ಶುಭಕಾರ್ಯವನ್ನು ಯಾರಾದರೂ ಮಾಡುತ್ತಾರೆಯೇ? ನಾವು ಬಂದದ್ದು ಎಲ್ಲರಂತೆ ರಜೆಯ ವಿಹಾರಕ್ಕೆ. ಅಲ್ಲಿನ ಗಾಂಧಿಪುರದಲ್ಲಿ ಜವಳಿ ಷೋರೂಮ್ ಇಟ್ಟಿರುವ, ನಮ್ಮಂತೆಯೇ ಕನ್ನಡ ಆಡುವ ನಮ್ಮ ಜನದವರೇ ಒಂದು ಮನೆಯವರು, ಅಂದರೆ ತಾಯಿ ಪಂಕಜಂ, ಮಗ ಈಶ್ವರನ್ ಮತ್ತು ಅಜ್ಜಿ ಬೆಳ್ಳಿಯಮ್ಮ, ಅದೇ ದಿನ, ಅದೇ ನಾಲ್ಕು ಗಂಟೆಗೆ, ಅದೇ ಹುಣಸೆಮರದ ಕೆಳಗೆ ಬಂದು ನಿಂತದ್ದು ಕೇವಲ ಆಕಸ್ಮಿಕ. ನನ್ನ ಮಗಳು ವಿಹಾರಕ್ಕೆಂದು ಮದುವೆಮನೆಯ ಸೀರೆ ಉಟ್ಟುಕೊಂಡು ಬಂದದ್ದೂ ಆಕಸ್ಮಿಕವೇ. ಎಲ್ಲವೂ ಸರಿಹೋದರೆ ಪಂಕಜಂ ಅವರು ಪ್ರದರ್ಶನದಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಸಾಂತಿಯ ಮುಡಿಗೆ ಇಡುವುದು, ಅಲ್ಲಿಗೆ ಮಾತು ಮುಗಿಯುವುದು, ಪಂಚಾಂಗ ಕೇಳಿದರೆ ಅದು ಬರಿಯ ಹೂವು ಎನ್ನುವುದು ಎಂದು ದೊಡ್ಡವರು ಮೊದಲೇ ಒಪ್ಪಿಕೊಂಡಿದ್ದೆವು.

ತಮ್ಮ ನಗರದ ಶೋಭೆಯನ್ನು ಹೊಗಳದಿದ್ದರೆ ತಪ್ಪಾದೀತು. ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದುದರಿಂದ ಕೆಳಗೆ ಹರಿಯುತ್ತಿದ್ದುದು ನದಿಯೆಂದು ನಮಗೆ ಕೂಡಲೇ ಗೊತ್ತಾಯಿತು. ಈಚೆ ದಡದಲ್ಲಿ ಬಜ್ಜಿ ಅಂಗಡಿ, ಬಳೆ ಅಂಗಡಿ, ಜಯಂಟ್ ವೀಲ್; ಆಚೆ ದಡದಲ್ಲಿ ಚಹಾದ ಅಂಗಡಿಯೂ ಎರಡು ಬೆಂಚುಗಳೂ; ನಡುವೆ ದಾಟಲು ಒಂದು ಮೋಟು ಕಾಲುಸೇತುವೆ. ಇಷ್ಟೆಲ್ಲದರ ಮೇಲೆ ತಾವು. ಹಲ್ಲುಪುಡಿಯ ಗುಣಗಾನವನ್ನೂ, ಕಳೆದುಹೋದ ಮಕ್ಕಳ ಚಡ್ಡಿಯ ಬಣ್ಣವನ್ನೂ, ಭಕ್ತಿಗೀತೆಯನ್ನೂ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ತಾವು ಬಿತ್ತರಿಸುತ್ತಿದ್ದ ಪರಿಗೆ ಪಕ್ಕದಲ್ಲಿ ನಿಂತವರ ಸೀನೂ ಕೇಳುತ್ತಿರಲಿಲ್ಲ. ಅದರಿಂದ ನಮಗೆ ಎಷ್ಟು ಹಿತವಾಯಿತೆಂದರೆ, ಮನೆ ಬಿಟ್ಟು ಬಂದಂತೆಯೇ ಅನ್ನಿಸಲಿಲ್ಲ.

ಅದಕ್ಕೆ ಕಾರಣವಿದೆ. ಹನ್ನೆರಡು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಬಾಯಿಂದ ಬಂದ ಮಾತು ಎದುರಿನವರ ಕಿವಿಗೆ ತಲುಪುವುದಿಲ್ಲ. ಆದ್ದರಿಂದ ನಾವು ಮಾತನ್ನು ಕೇಳುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ನಾನೂ ಸುಶೀಲಾಳೂ ಇಪ್ಪತ್ತೆರಡು ವರ್ಷದ ಸಂಸಾರದ ಜಗಳಗಳನ್ನೆಲ್ಲ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ಆಡಿ ಮುಗಿಸಿದ್ದೇವೆ. ಸಾಂತಿಯಂತೂ ಅಕ್ಷರ ಕಲಿಯುವ ಮೊದಲೇ ತುಟಿ ಓದಲು ಕಲಿತವಳು. ತಪ್ಪಿ ಎಲ್ಲಿಯಾದರೂ ಬಾಯಿಬಿಟ್ಟೇ ಮಾತಾಡಬೇಕಾಗಿ ಬಂದರೆ, ನಾವು ಗುಟ್ಟು ಎಂದುಕೊಂಡು ಆಡಿದ್ದು ಊರಾಚೆಯವರಿಗೂ ಕೇಳಿಸುತ್ತದೆ.

ಹುಡುಗಿಯನ್ನು ನೋಡಿಯಾಯಿತು, ಕ್ಷಮಿಸಿ, ಆಕಸ್ಮಿಕವಾಗಿ ಕಣ್ಣಿಗೆ ಬಿದ್ದದ್ದಾಯಿತು. ಪದ್ಧತಿಯಂತೆ ಗಂಡಿನವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಸೇತುವೆ ದಾಟಿ ಆಚೆ ದಡದ ಬೆಂಚಿನ ಮೇಲೆ, ನಮಗೆ ಎದುರಾಗಿ ಕುಳಿತರು. ದೂರವೆಂದರೆ ನಮ್ಮ ಶೆಡ್ಡಿನ ಉದ್ದದಷ್ಟೇ. ಷೋರೂಮಿನಲ್ಲಿ ಫ್ಯಾನಿನ ಕೆಳಗೆ ಬೆಳೆದ ತಾಯಿಮಗನಿಗೆ, ತಾವು ಅಷ್ಟು ಜೋರಾಗಿ ಕೂಗುತ್ತಿರುವಾಗ ತಮ್ಮಿಬ್ಬರ ಮಾತು ಭದ್ರವಾಗಿದೆ ಎಂದೇ ಅನ್ನಿಸಿರಬೇಕು. ಸುಶೀಲ ಆಗ ಬೆನ್ನು ಮಾಡಿ ಬುತ್ತಿಯ ಡಬ್ಬಿಯ ಮುಚ್ಚಳದೊಡನೆ ಗುದ್ದಾಡುತ್ತಿದ್ದಳು.

ಈಶ್ವರನ್ ತನ್ನ ತಾಯಿಗೆ ಹೇಳಿದ: "ಅಮ್ಮಾ, ನಂಗೆ ಇವಳು ಬ್ಯಾಡ. ನಂಗೆ ಬೇಕಾದವಳು ಅಂಗಡೀಲಿ ಬಿಲ್ಲು ಬರೀತಾ ಅವಳೆ, ನಿಂಗೆ ಗೊತ್ತು."

ಪಂಕಜಂ ಹೇಳಿದರು: "ಅವಳ ಪೇಚೇ ಎತ್ತಬ್ಯಾಡ, ಆ ಮಾತೇ ಬ್ಯಾಡ. ಮಾರ್ಗಳಿ ಕಳೀಲಿ, ತೈ ಮಾಸದಾಗೆ ಇವಳಿಗೆ ತಾಲಿ ಕಟ್ಟು, ಸಾಕು. ಮಗ್ಗದ ಮನೆ ಪೊಣ್ಣು, ಬಾಯಿ ತೆಗೆಯಾದಿಲ್ಲ. ಆಮ್ಯಾಲೆ ನೀ ಎಲ್ಲಿಗೆ ಹೋದ್ರೂ ಯಾರು ಕೇಳ್ತಾರೆ?"

ಮಹಾಶಯರೇ, ಇದರ ಒಂದಕ್ಷರವೂ ನನ್ನ ಕಣ್ಣಿಗೆ ತಪ್ಪಲಿಲ್ಲ. ಕನ್ನಡದಲ್ಲಿ ಬರೆಯುತ್ತಿದ್ದೇನಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪೂರ್ತಿ ನೋಡಿದೆ, ಪೂರ್ತಿ ತಿಳಿಯಿತು. ಆದರೆ ಷೋರೂಮಿನ ಸಂಬಂಧ, ಗಾಂಧಿಪುರದಲ್ಲಿ ಮಹಡಿಯ ಮನೆ, ಇನ್ನು ಮೇಲೆ ಹತ್ತಿಯ ನಾರು ಮೂಗಿಗೆ ಹೋಗದ ಬಾಳು ಎಂದು ಆರು ತಿಂಗಳಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದವನು ನಾನು. ಗಂಡಸರು ಮದುವೆಯಾದ ಮೇಲೆ ಸರಿಹೋಗುತ್ತಾರೆ ಎಂದು ಅದೇ ನಿಮಿಷದಲ್ಲಿ ನನಗೊಂದು ಹೊಸ ಜ್ಞಾನೋದಯವೂ ಆಯಿತು. ನಾನು ಸಾಂತಿಯ ಕಡೆ ತಿರುಗಿ, ಅವಳ ಕಣ್ಣಿಗೆ ಅಡ್ಡವಾಗಿ ನಿಂತು, ಬಜ್ಜಿ ಬಹಳ ಚೆನ್ನಾಗಿದೆ ಎಂದೆ.

ಅವಳು ನನ್ನ ಹೆಗಲ ಮೇಲಿಂದ ಆಚೆಗೇ ನೋಡುತ್ತಿದ್ದಳು. ಏನನ್ನು ನೋಡುತ್ತಿದ್ದಾಳೆಂದು ತಿರುಗಿದರೆ, ಆ ಬೆಂಚಿನ ತುದಿಯಲ್ಲಿ ಅದುವರೆಗೆ ತೂಕಡಿಸುತ್ತಿರುವಂತೆ ಕಂಡ ಬೆಳ್ಳಿಯಮ್ಮ ನೆಟ್ಟಗೆ ಕುಳಿತಿದ್ದರು. ಮಕ್ಕಳು ಷೋರೂಮ್ ಹಾಕುವುದಕ್ಕೆ ಮುಂಚೆ ಆಕೆ ಕರುಮತ್ತಂಪಟ್ಟಿಯಲ್ಲಿ ವರ್ಷಾನುಗಟ್ಟಲೆ ಮಗ್ಗದ ಮುಂದೆ ನಿಂತವರೆಂಬುದು ಅವರ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸಾಂತಿಯ ಮುಖ ನೋಡಿಯೇ, ಅವಳು ಆ ಮಾತುಗಳನ್ನೆಲ್ಲ ಓದಿಬಿಟ್ಟಳೆಂದು ಆಕೆಗೆ ಅರ್ಥವಾಗಿತ್ತು. ಸೊಸೆಗೆ ಕಾಣದಂತೆ ಸೆರಗನ್ನು ಕೆನ್ನೆಗೆ ಮರೆ ಮಾಡಿಕೊಂಡು, ಹೊಳೆಯ ಈಚೆಗೆ ನಿಂತ ನನ್ನ ಮಗಳಿಗೆ ಆಕೆ ಬರಿಯ ತುಟಿಯಲ್ಲಿ ಹೇಳಿದರು: "ಒಪ್ಕಬ್ಯಾಡ ಕಣ್ಣು, ನನ್ ಮಗಳೆ."

ಆಗಲೂ ನಾನು ತಮ್ಮನ್ನೇ ನಂಬಿದ್ದೆ. ಗಂಡಿನವರು ನಗುನಗುತ್ತ ಸೇತುವೆ ದಾಟಿ ಬಂದರು. ಪಂಕಜಂ ಅವರ ಕೈಯಲ್ಲಿ ಮಲ್ಲಿಗೆಯ ಪೊಟ್ಟಣವಿತ್ತು. ತಾವು ಹಸಿರು ಚಡ್ಡಿಯ ಮಗುವೊಂದರ ತಾಯ್ತಂದೆಯರನ್ನು ಕರೆಯುತ್ತಿದ್ದಿರಿ. ಪೊಟ್ಟಣ ಬಿಚ್ಚಿಯಾಗಿತ್ತು. ಇನ್ನೊಂದೇ ನಿಮಿಷ ತಾವು ಅದೇ ಕಂಠದಲ್ಲಿ ಮುಂದುವರಿದಿದ್ದರೆ, ಹೂವು ಮುಡಿಗೇರಿ, ಸಾಂತಿ ಏನೇ ಹೇಳಿದರೂ ಅದು ನಾಲ್ಕು ಜನರ ನಡುವೆ ಸದ್ದಿಲ್ಲದ ತುಟಿಯಾಟವಾಗಿ ಮುಗಿದುಹೋಗುತ್ತಿತ್ತು. ಆದರೆ ತಾವೇನು ಮಾಡಿದಿರಿ? ಕರೆಂಟು ಹೋಯಿತೆಂಬ ಒಂದು ಸಣ್ಣ ನೆಪಕ್ಕೆ, ಮಗುವಿನ ಹೆಸರನ್ನೂ ಪೂರ್ತಿ ಹೇಳದೆ, ಗಪ್ಪನೆ ಬಾಯಿ ಮುಚ್ಚಿಕೊಂಡಿರಿ.

ಸಾಂತಿ ತಾಯಿಯ ಕಿವಿಯಲ್ಲಿ ಗುಟ್ಟಾಗಿ ಹೇಳಬೇಕೆಂದೇ ಬಾಯಿ ತೆಗೆದಿದ್ದಳು. ಶೆಡ್ಡಿನಲ್ಲಿ ಕಲಿತ ಗುಟ್ಟು ಅದು. "ಅಮ್ಮಾ, ನಂಗೆ ಈ ಗಂಡು ಬ್ಯಾಡ! ಒಬ್ಬಳಿಗೆ ತಾಲಿ ಕಟ್ಟಿ ಇನ್ನೊಬ್ಬಳ ಹತ್ರ ಹೋಗೋನು!" ಎಂಬ ಮಾತು ಆಚೆ ದಡದ ಚಹಾದ ಅಂಗಡಿಯ ತನಕ ಹೋಗಿ ಬಂತು. ಬಜ್ಜಿಯವನ ಜಾಲರಿ ಸೌಟು ಎಣ್ಣೆಯಲ್ಲೇ ನಿಂತಿತು. ಕರೆಂಟಿಲ್ಲದೆ ನಡುವಾಕಾಶದಲ್ಲಿ ನಿಂತುಹೋಗಿದ್ದ ಜಯಂಟ್ ವೀಲಿನ ತೊಟ್ಟಿಲುಗಳಿಂದ ಕೊಯಮತ್ತೂರಿನ ಗೌರವಸ್ಥ ಕುಟುಂಬಗಳೆಲ್ಲ ಬಗ್ಗಿ, ಬಿಡುವಾಗಿ, ನಮ್ಮನ್ನು ನೋಡಿದವು. ಪಂಕಜಂ ಮಲ್ಲಿಗೆಯನ್ನು ತಮ್ಮ ಮುಡಿಗೇ ಸಿಕ್ಕಿಸಿಕೊಂಡು ಹೊರಟುಹೋದರು. ಸುಶೀಲ ಡಬ್ಬಿಯನ್ನು ಕೆಳಗಿಟ್ಟು ಮಗಳನ್ನು ತಬ್ಬಿಕೊಂಡಳು. ಕರೆಂಟು ಬಂದಾಗ ತಾವು, ಏನೂ ನಡೆದೇ ಇಲ್ಲವೆಂಬಂತೆ, ಹಲ್ಲುಪುಡಿಯಿಂದ ಆರಂಭಿಸಿದಿರಿ.

ಹೀಗಾಗಿ ನನ್ನ ದೂರು ತಮ್ಮ ಗದ್ದಲದ ಮೇಲಲ್ಲ, ಮೌನದ ಮೇಲೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ತಾವು ಒಮ್ಮೆ ಸೋಮನೂರಿಗೆ ದಯಮಾಡಿಸಿ, ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡಾಗ ಜನ ಕೇಳುವ ಪ್ರಶ್ನೆಗಳು ನನಗೆ ಕೇಳಿಸದಂತೆ ನನ್ನ ಹಿಂದೆಯೇ ಕೂಗುತ್ತ ಬರಬೇಕು. ಆ ಭಾನುವಾರದ ಸಂಜೆ ನಾಲ್ಕೂ ಮುಕ್ಕಾಲನ್ನು ಪಂಚಾಂಗದಿಂದ ತೆಗೆಸಿಹಾಕಬೇಕು. ಸಾಧ್ಯವಾದರೆ ನನ್ನ ಎರಡು ಕಣ್ಣುಗಳು ಅಂದು ಏನನ್ನೂ ನೋಡಲಿಲ್ಲವೆಂದು ಒಂದು ಅಧಿಕೃತ ಪ್ರಕಟಣೆ ಹೊರಡಿಸಬೇಕು. ಈ ಕೊನೆಯದು ತುರ್ತಾಗಿ ಬೇಕಾಗಿದೆ. ಏಕೆಂದರೆ ಮಾರನೆಯ ದಿನ ಹನ್ನೆರಡು ಮಗ್ಗಗಳೂ ಬಡಿಯುತ್ತಿರುವಾಗ, ಆಚೆ ತುದಿಯಿಂದ ಸಾಂತಿ ನನ್ನತ್ತ ನೋಡಿ, "ಅಪ್ಪಾ, ನೀನೂ ನೋಡಿದೆ ತಾನೆ?" ಎಂದು ಸದ್ದಿಲ್ಲದೆ ಕೇಳಿದಳು. ನಾನು ಎಳೆ ಹರಿದಿದೆಯೆಂಬಂತೆ ಬಗ್ಗಿ, ಹರಿಯದ ಎಳೆಯನ್ನು ಬಹಳ ಹೊತ್ತು ಕಟ್ಟುತ್ತಿದ್ದೆ.

ಕೊಂಬೆಯ ಮೇಲೆ ತಮ್ಮ ಆಡಳಿತ ಹೀಗೆಯೇ ಅಬ್ಬರದಿಂದ ನಡೆಯಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ನಂಜಪ್ಪನ್

ಮರೆತ ಮಾತು: ಈಶ್ವರನ್‌ಗೆ ಪಲ್ಲಡಂ ಕಡೆಯ ರೈತರ ಮನೆಯ ಹುಡುಗಿಯೊಬ್ಬಳನ್ನು ಗೊತ್ತುಮಾಡಿದ್ದಾರೆಂದು ಸುದ್ದಿ ಬಂದಿದೆ. ಅವರ ಮನೆಯಲ್ಲಿ ಮಗ್ಗವಿಲ್ಲ, ತುಟಿ ಓದಬಲ್ಲವರೂ ಇಲ್ಲ. ಆ ತಂದೆಯ ಹೆಸರು, ಬೀದಿ ಎಲ್ಲ ನನಗೆ ಗೊತ್ತು. ಆತನಿಗೆ ಬರೆಯಬೇಕಾದ ಕಾಗದವನ್ನು ನಾನು ಬಹಳ ಮರ್ಯಾದೆಯಿಂದ ತಮಗೆ ಬರೆದು ಮುಗಿಸುವಷ್ಟರಲ್ಲಿ, ಸಾಂತಿ ತಾಯಿಯನ್ನು ಕರೆದುಕೊಂಡು ಪಲ್ಲಡಂ ಬಸ್ಸು ಹತ್ತಿಯಾಗಿದೆ. ನನ್ನನ್ನು ಬಾ ಎನ್ನಲಿಲ್ಲ.