ತುದಿ ಚಿವುಟಿದ ಎಲೆಗಳು

ಜೂನ್ ಮೂರು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನಮ್ಮ ಸೋದರತ್ತೆ ಹುಳಗಳಿಗೆ ನೋಟಿಸು ಕೊಟ್ಟರು.

ಬಾಯಿಮಾತಿನ ನೋಟಿಸು. ಹಾಲ್‌ನ ಕಿಟಕಿಯ ಪಕ್ಕ, ಕುಂಡದಲ್ಲಿ ಬೆಳೆದ ವೀಳ್ಯದೆಲೆ ಬಳ್ಳಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಹದಿನೈದು ದಿನ ಟೈಮ್ ಕೊಡ್ತೀನಿ. ಅಷ್ಟರೊಳಗೆ ಬೇರೆ ಮನೆ ನೋಡ್ಕೊಳ್ಳಿ" ಎಂದರು. ಎಲೆಗಳ ಬೆನ್ನಿಗೆ ಅಕ್ಕಿಹಿಟ್ಟು ಉದುರಿಸಿದಂತೆ ಅಂಟಿಕೊಂಡಿದ್ದ ಹಿಟ್ಟುತಿಗಣೆಗಳು ಕೇಳಿಸಿಕೊಂಡವೋ ಇಲ್ಲವೋ! ನಾನು ಎಣಿಸಿ ಬರೆದುಕೊಂಡೆ: ಎಲೆ ನಲವತ್ತೊಂದು, ಹುಳ ಇನ್ನೂರ ಹನ್ನೆರಡು.

ಎಣಿಸಿ ತಾರೀಖು ಹಾಕುವುದು ನನ್ನ ಉದ್ಯೋಗವೂ ಹೌದು, ಚಟವೂ ಹೌದು. ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ, ಬೋಡಕ್‌ದೇವ್‌ನ ಅತ್ತೆಯ ಫ್ಲ್ಯಾಟಿನಲ್ಲಿ ವಾಸ. ಮಾವ ಬ್ಯಾಂಕಿನ ವರ್ಗಾವಣೆಯಲ್ಲಿ ಇದೇ ಊರಿಗೆ ಬಂದವರು. ಬರುವಾಗ ಹಾಸನದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕುಡಿಯೇ ಈ ಬಳ್ಳಿ. ಅವರು ತೀರಿಕೊಂಡು ಎರಡು ವರ್ಷ. ಮನೆ ಖಾಲಿ ಮಾಡಿ ಬಾ ಎಂದು ನಮ್ಮಪ್ಪ ಫೋನಿನಲ್ಲಿ ಪೀಡಿಸಿದಾಗ ಅತ್ತೆ ಒಂದು ಮಾತು ಕೊಟ್ಟುಬಿಟ್ಟಿದ್ದರು: "ಬಳ್ಳಿ ಇರೋವರೆಗೆ ನಾನಿಲ್ಲೇ. ಅದು ಒಣಗಿದ ದಿನ ಟಿಕೆಟ್ ಬುಕ್ ಮಾಡು." ಅಂದಿನಿಂದ ಅಪ್ಪ ಅಕ್ಕನ ಆರೋಗ್ಯಕ್ಕಿಂತ ಮೊದಲು ಬಳ್ಳಿಯ ಆರೋಗ್ಯ ವಿಚಾರಿಸುತ್ತಾರೆ.

"ಬೇವಿನೆಣ್ಣೆ ಹೊಡೆಯೋಣ ಅತ್ತೆ" ಎಂದೆ.

"ನಿಮ್ಮ ಮಾವನಿಗೆ ಬೇವು ಕಂಡ್ರೆ ಆಗಲ್ಲ ಕಣೇ. ಯುಗಾದಿ ದಿನಾನೂ ಬರೀ ಬೆಲ್ಲ ತಿಂತಿದ್ರು."

"ಸೋಪಿನ ನೀರು?"

"ಊಟ ಆದ್ಮೇಲೆ ಅವರು ಸೋಪು ಜಗೀಬೇಕಾ?"

ದಿನಾ ಮಧ್ಯಾಹ್ನ ಮಾವನ ಫೋಟೋದ ಮುಂದೆ ಎರಡೆಲೆ (ಹುಳ ಬಿದ್ದ ಮೇಲೆ ಅಂಗಡಿಯದು) ಇಡುವವರ ಜೊತೆ ಏನು ವಾದ ಮಾಡುವುದು? ಜೂನ್ ಹದಿನೇಳಕ್ಕೆ ಎಲೆ ಮೂವತ್ತೈದಕ್ಕೆ ಇಳಿದಿತ್ತು, ಹುಳ ನಾನೂರು ದಾಟಿತ್ತು. ಬಳ್ಳಿಯ ಕೆಳಗೆ ನೆಲ ಅಂಟಂಟು. ಅಪ್ಪ ರೈಲಿನ ಸಮಯ ನೋಡತೊಡಗಿದ್ದರು.

ಹದಿನೆಂಟರಂದು ನೋಟಿಸಿನ ಅವಧಿ ಮುಗಿಯಿತು. ಸಂಜೆ ಬಂದು ನೋಡಿದರೆ ಎಲ್ಲಕ್ಕಿಂತ ಕೆಳಗಿನ ಎಲೆಯಲ್ಲಿ ಹುಳ ಸೊನ್ನೆ. ಎರಡೂ ಬದಿ ಒರೆಸಿ ಹೊಳೆಯುತ್ತಿತ್ತು. ತುದಿ ಚಿವುಟಿತ್ತು.

ಎಲ್ಲರೂ ಎಲೆಯನ್ನು ಕಿತ್ತ ಮೇಲೆ ಒರೆಸಿ ತುದಿ ಚಿವುಟುತ್ತಾರೆ. ಬಳ್ಳಿಯಲ್ಲಿರುವಾಗಲೇ ಒರೆಸಿ, ಚಿವುಟಿ, ಆಮೇಲೆ ಕೀಳುತ್ತಿದ್ದವರು ನಾನು ಕಂಡಂತೆ ಮಾವ ಒಬ್ಬರೇ.

"ಅತ್ತೆ, ಇದು ನೀವಾ?"

"ನಾನ್ಯಾಕೆ ಮಾಡ್ಲಿ? ಟೈಮ್ ಮುಗೀತಲ್ಲ, ಅವರೇ ಬಂದು ಖಾಲಿ ಮಾಡಿಸ್ತಿದಾರೆ" ಎಂದು ಅತ್ತೆ ಹುಳಿಗೆ ಒಗ್ಗರಣೆ ಹಾಕಿದರು.

ಮರುದಿನ ಎರಡನೆಯ ಎಲೆ. ಅದರ ಮರುದಿನ ಮೂರನೆಯದು. ದಿನಕ್ಕೊಂದು, ಕೆಳಗಿನಿಂದ ಮೇಲಕ್ಕೆ, ಲೆಕ್ಕ ತಪ್ಪದೆ. ಕೆಲಸದವಳು ಹತ್ತು ಗಂಟೆಗೇ ಹೋಗುತ್ತಾಳೆ. ಆಮೇಲೆ ಬಾಗಿಲಿಗೆ ಒಳಗಿನಿಂದ ಚಿಲಕ. ಎದುರುಮನೆಯ ಹಂಸಾಬೆನ್‌ಗೆ ಹೇಳಿದೆ. ಅವರು ಹೆದರಲೇ ಇಲ್ಲ. "ಸಾಫ್ ತೋ ಕರ್ತಾ ಹೈ ನಾ? ಹಮಾರೇ ಘರ್ ಭೀ ಭೇಜೋ" ಎಂದರು; ಕ್ಲೀನ್ ಮಾಡುತ್ತದಲ್ಲ, ನಮ್ಮನೆಗೂ ಕಳಿಸಿ ಎಂದರ್ಥ.

ಜೂನ್ ಇಪ್ಪತ್ನಾಲ್ಕು, ಭಾನುವಾರ, ಮಧ್ಯಾಹ್ನ ಕಾವಲು ಕೂತೆ. ಒಂದೂವರೆಗೆ ನಿದ್ದೆ ಬಂತು. ನಾಲ್ಕಕ್ಕೆ ಎದ್ದಾಗ ಏಳನೆಯ ಎಲೆ ಹೊಳೆಯುತ್ತಿತ್ತು!

ಜುಲೈ ಒಂದರಂದು ಎರಡು ಲೋಟ ಕಾಫಿ ಕುಡಿದು, ನನ್ನ ಕೋಣೆಯ ಬಾಗಿಲನ್ನು ಬೆರಳಿನಷ್ಟು ತೆರೆದು ಮಲಗಿದೆ. ಎರಡು ಗಂಟೆ ಇಪ್ಪತ್ತು. ಪರದೆ ಎಳೆದ ಹಾಲ್, ಹೊರಗೆ ಕಾಗೆಯ ಸದ್ದೂ ಇಲ್ಲ. ಊಟವಾದ ಮೇಲೆ ಅತ್ತೆ ಮಲಗುವ ತೂಗುಮಂಚ ಕಿರ್ ಎಂದಿತು. ಇಣುಕಿದೆ. ಮಂಚ ತೂಗುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಬಳ್ಳಿಯ ಮುಂದೆ ಅತ್ತೆ ನಿಂತಿದ್ದರು. ಕಣ್ಣು ಅರೆ ತೆರೆದಿತ್ತು, ನೋಟ ಇರಲಿಲ್ಲ. ಕೈಯಲ್ಲಿ ಮಾವನ ಹಳೆಯ ಟವೆಲಿನ ಒದ್ದೆ ತುದಿ. ಹದಿನಾಲ್ಕನೆಯ ಎಲೆಯ ಹೊಟ್ಟೆ ಒರೆಸಿದರು, ಬೆನ್ನು ಒರೆಸಿದರು, ತುದಿ ಚಿವುಟಿದರು.

"ಸುಣ್ಣ ಕಮ್ಮಿನೇ ಹಚ್ತೀನಿ ಕಣ್ರೀ" ಎಂದರು, ನಿದ್ದೆಯಲ್ಲೇ. "ಕೇಳಿಸ್ತಾ?"

ಉತ್ತರಕ್ಕಾಗಿ ಕಾದು ನಿಂತರು. ಎಷ್ಟು ಹೊತ್ತು ಎಂದು ನಾನು ಬರೆದುಕೊಂಡಿಲ್ಲ. ಕೊನೆಗೆ ಬಾಗಿಲ ಹಿಂದಿನಿಂದ, ದನಿ ಆದಷ್ಟು ದಪ್ಪ ಮಾಡಿ, "ಹ್ಞೂಂ" ಎಂದೆ.

ಅತ್ತೆ ಹೋಗಿ ಮಲಗಿದರು. ನಾಲ್ಕಕ್ಕೆ ಎದ್ದವರು ನೇರ ಬಳ್ಳಿಯ ಹತ್ತಿರ ಹೋಗಿ, "ನೋಡೇ, ಇವತ್ತೂ ಒಂದು ಒರೆಸಿದಾರೆ!" ಎಂದರು. ಅಷ್ಟು ಸಂತೋಷದ ಮುಖ ಎರಡು ವರ್ಷದಲ್ಲಿ ನಾನು ನೋಡಿರಲಿಲ್ಲ. "ಹೌದಲ್ಲ ಅತ್ತೆ" ಎಂದೆ. ಅಪ್ಪನಿಗೆ ಫೋನ್ ಮಾಡಿ ಬಳ್ಳಿ ಚೆನ್ನಾಗಿದೆ, ಟಿಕೆಟ್ ಬೇಡ ಎಂದೆ.

ಇಲ್ಲಿಗೆ ನನ್ನ ಲೆಕ್ಕ ಸರಿಹೋಗಬೇಕಿತ್ತು.

ಜುಲೈ ಇಪ್ಪತ್ತೆರಡು, ಭಾನುವಾರ. ಉಳಿದಿದ್ದು ಒಂದೇ, ಮೂವತ್ತೈದನೆಯ ಎಲೆ, ಸೂರಿನ ಹತ್ತಿರ. ಅತ್ತೆ ಸ್ಟೂಲ್ ಹತ್ತಿದರೂ ಅದು ಎಟುಕದು, ನನಗೂ ಎಟುಕದು. ಅದರ ಮೇಲೆ ಹುಳ ಹನ್ನೊಂದು. ಬೆಳಿಗ್ಗೆ ಆರಕ್ಕೆ ಬೀಗ ಹಾಕಿ ಇಬ್ಬರೂ ವಡೋದರಕ್ಕೆ, ಪರಿಚಯದವರ ಮಗುವಿನ ನಾಮಕರಣಕ್ಕೆ ಹೋದೆವು. ಬೀಗದ ಕೈ ನನ್ನ ಚೀಲದಲ್ಲೇ ಇತ್ತು. ಸಂಜೆ ಏಳಕ್ಕೆ ಬಂದು ಬಾಗಿಲು ತೆರೆದಾಗ ತೂಗುಮಂಚ ಮೆಲ್ಲಗೆ ತೂಗುತ್ತಿತ್ತು. ಮೇಲಿನ ಎಲೆ ಹೊಳೆಯುತ್ತಿತ್ತು. ಹುಳ ಸೊನ್ನೆ. ತುದಿ ಚಿವುಟಿತ್ತು.

ಮಾವ ಆರಡಿ ಎತ್ತರ ಇದ್ದರು.

ಹಿಟ್ಟುತಿಗಣೆಗಳ ಬಗ್ಗೆಯೋ, ಎಲೆಗಳ ಬಗ್ಗೆಯೋ, ಗಾಳಿಯಿಲ್ಲದ ಮನೆಯಲ್ಲಿ ತೂಗುವ ಮಂಚದ ಬಗ್ಗೆಯೋ ನನಗಿಂತ ಹೆಚ್ಚು ತಿಳಿದವರು ದಯವಿಟ್ಟು ಬರೆಯಿರಿ. ಲಕೋಟೆಯ ಮೇಲೆ ನನ್ನ ಹೆಸರೇ ಇರಲಿ. ಅತ್ತೆ ಓದುವುದು ಬೇಡ.